ಸ್ಪೀತಿಯ ಮಣ್ಣು, ಬಾಗಲಕೋಟೆಯ ಗಾಳಿ: ಮೇಲ್ಮಣ್ಣಿನಲ್ಲಿ ತೈಲಾನಿಲದ ಸುಳಿವು ಹುಡುಕುವ ಕೆಲಸ

ಆಳದಲ್ಲಿ ತೈಲವೋ ಅನಿಲವೋ ಇದ್ದರೆ ಮೀಥೇನ್, ಈಥೇನ್, ಪ್ರೊಪೇನ್ ಸಣ್ಣ ಪ್ರಮಾಣದಲ್ಲಿ ಬಿರುಕುಗಳಗುಂಟ ಮೇಲೆ ಬಂದು ಮಣ್ಣಿನ ಕಣಗಳಿಗೆ ಅಂಟಿಕೊಳ್ಳುತ್ತವೆ. ಅಳೆಯಬೇಕಾದದ್ದು ನೂರು ಕೋಟಿಯಲ್ಲಿ ಕೆಲವು ಭಾಗ. ಹಾಗಾಗಿ ಹಿಮಾಚಲದ ಸ್ಪೀತಿಯಂಥ ಎತ್ತರದ ಜಾಗಕ್ಕೆ ಹೋಗುವ ತಂಡವನ್ನು ನಾವು ಮೊದಲು ಬಾಗಲಕೋಟೆ ಸುತ್ತಲಿನ ಕಲಾದಗಿ ಪದರಶಿಲೆಗಳ ನೆಲದಲ್ಲೇ ಪಳಗಿಸುತ್ತೇವೆ. ಎರಡೂ ಕಡೆ ಸುಣ್ಣದಕಲ್ಲಿದೆ, ತಲೆನೋವೂ ಬಹುಪಾಲು ಅದರದ್ದೇ.

ಲೋಕಾಪುರ, ಮುಧೋಳ ಕಡೆ ಮೊದಲು 2–3 ಕಿ.ಮೀ. ಅಂತರದಲ್ಲಿ ಮಾದರಿ ತೆಗೆಯುತ್ತೇವೆ. ಅನುಮಾನ ಬಂದಲ್ಲಿ 500 ಮೀಟರಿಗೊಂದು. ಪೊಳ್ಳು ಕಬ್ಬಿಣದ ಕೊಳವೆಯನ್ನು ಸುತ್ತಿಗೆಯಿಂದ ಹೊಡೆದು ಕನಿಷ್ಠ 1 ಮೀಟರ್ ಇಳಿಸಬೇಕು. ಎರೆಭೂಮಿಯಲ್ಲಿ 2 ಮೀಟರ್ ಇಳಿಸಿದರೆ ಇನ್ನೂ ಒಳ್ಳೆಯದು. ಕೊಳವೆಗೆ ಬಣ್ಣ, ಗ್ರೀಸು, ಡೀಸೆಲ್ ತಾಗಿರಬಾರದು. ಗಾಳಿ ನಮ್ಮಿಂದ ಜನರೇಟರ್ ಕಡೆಗೆ ಬೀಸುವಂತೆ ಅದನ್ನು ಇಡಿ. ಪ್ರೆಸ್‌ಮಡ್ (ಸಕ್ಕರೆ ಕಾರ್ಖಾನೆಯ ಗಸಿ) ಹಾಕಿದ, ನೀರು ನಿಂತ ಕಬ್ಬಿನ ಹೊಲ ಬಿಟ್ಟುಬಿಡಿ. ಅಲ್ಲಿ ಮೀಥೇನ್ ಮಾಡುವುದು ಸೂಕ್ಷ್ಮಜೀವಿಗಳು. ಬದುವಿನ ಪಕ್ಕದ ಉಳದ ನೆಲ ವಾಸಿ. ‘ಬೋರ್ ಹಾಕ್ತೀರೇನ್ರಿ?’ ಅಂತ ರೈತರು ಕೇಳೇ ಕೇಳುತ್ತಾರೆ. ಕೊಳವೆ ತೋರಿಸಿ, ಅಪ್ಪಣೆ ಪಡೆದು, ಗುಂಡಿ ಮುಚ್ಚಿ ಬನ್ನಿ.

ಮಾದರಿಯನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಪಾಲಿಥೀನ್ ಚೀಲದಲ್ಲಿ ಮುಚ್ಚುತ್ತೇವೆ. ಪ್ರಯೋಗಾಲಯದಲ್ಲಿ 63 ಮೈಕ್ರಾನ್ ಜರಡಿಯಲ್ಲಿ ಇಳಿದ ನುಣುಪು ಭಾಗದ 1 ಗ್ರಾಂ ತೂಗಿ, ನಿರ್ವಾತದಲ್ಲಿ ಫಾಸ್ಫಾರಿಕ್ ಆಮ್ಲ ಹನಿಸಿದರೆ ಅನಿಲ ಬಿಡುತ್ತದೆ. ಜೊತೆಗೆ ಏಳುವ ಇಂಗಾಲದ ಡೈಆಕ್ಸೈಡನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಹೀರಬೇಕು. ಕೆಡುವುದು ಇಲ್ಲೇ. ಮಣ್ಣಿನಲ್ಲಿ ಶೇ. 30ರಷ್ಟು ಸುಣ್ಣ (ಕ್ಯಾಲ್ಸಿಯಂ ಕಾರ್ಬೊನೇಟ್) ಇದ್ದರೆ 1 ಗ್ರಾಂನಿಂದಲೇ ಸುಮಾರು 70 ಮಿ.ಲೀ. ಡೈಆಕ್ಸೈಡ್ ಏಳುತ್ತದೆ. ಆಮ್ಲ ಒಮ್ಮೆಗೇ ಸುರಿದರೆ ನೊರೆ ಉಕ್ಕಿ ಅನಿಲದ ನಳಿಕೆಗೆ ಹೊಕ್ಕುತ್ತದೆ. ದ್ರಾವಣ ಹಳತಾಗಿದ್ದರೆ ಡೈಆಕ್ಸೈಡ್ ಉಳಿದು, ಅಳೆದ ಗಾತ್ರ ಸುಳ್ಳಾಗುತ್ತದೆ. ಸುಣ್ಣದ ಹರಳು ಕಂಡ ಮಣ್ಣಿಗೆ ಅರ್ಧ ಗ್ರಾಂ ಸಾಕು, ದ್ರಾವಣ ಹೊಸದಿರಲಿ.

ಸ್ಪೀತಿಯಲ್ಲಿ ಮಣ್ಣೇ ಅಪರೂಪ. ಮೇಲಿಂದ ಜಾರಿಬಿದ್ದ ಕಲ್ಲುರಾಶಿಯಲ್ಲಿ ಕೊಳವೆ ಇಳಿಯುವುದಿಲ್ಲ. ಇಳಿದರೂ ಆ ಮಣ್ಣು ಆ ಜಾಗದ್ದಲ್ಲ. ಗುಂಡಿ ತೋಡಿ, ಕಲ್ಲಿನ ಸಂದಿಯ ನುಣುಪು ಮಣ್ಣನ್ನೇ ಆರಿಸುತ್ತೇವೆ. ಹೆಪ್ಪುಗಟ್ಟಿದ ನೆಲ ಅನಿಲವನ್ನು ಕೆಳಗೇ ತಡೆಯುತ್ತದೆ, ಕರಗಿದಾಗ ಬಿಡುತ್ತದೆ. ಬೇಸಿಗೆಯ ಮಾದರಿಯನ್ನೂ ಹಿಮ ಕರಗುವ ಹೊತ್ತಿನದನ್ನೂ ಒಂದೇ ನಕ್ಷೆಯಲ್ಲಿ ಕೂಡಿಸಬಾರದು.

ಕಣಗಳಿಗೆ ಅಂಟದೆ ಮಣ್ಣಿನ ಸಂದಿಯಲ್ಲಿರುವ ಸಡಿಲ ಅನಿಲ ಅಳೆಯಲು ರಬ್ಬರ್ ಬಿಲ್ಲೆಯ ಡಬ್ಬಿಯಲ್ಲಿ ಮಣ್ಣು ತುಂಬಿ ಮೇಲೆ ಖಾಲಿ ಜಾಗ ಬಿಟ್ಟು ಮುಚ್ಚುತ್ತೇವೆ. ಎತ್ತರದಲ್ಲಿ ಅದು ಮೋಸ ಮಾಡುತ್ತದೆ. ಸ್ಪೀತಿಯ ಮುಖ್ಯ ಊರು ಕಾಜಾದಲ್ಲಿ ಗಾಳಿಯೊತ್ತಡ ಸುಮಾರು 640 ಹೆಕ್ಟೊಪಾಸ್ಕಲ್, ಬಾಗಲಕೋಟೆಯಲ್ಲಿ 950ರ ಹತ್ತಿರ. ಕಾಜಾದಲ್ಲಿ ಮುಚ್ಚಿದ ಡಬ್ಬಿಗೆ ಬಾಗಲಕೋಟೆಯಲ್ಲಿ ಸೂಜಿ ಚುಚ್ಚಿದ ಕೂಡಲೇ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತದೆ, ಅದರ ಜೊತೆ ವಾತಾವರಣದ ಮೀಥೇನೂ. ಹಾಗಾಗಿ ಮೊದಲು ಶುದ್ಧ ಹೀಲಿಯಂ ತುಂಬಬೇಕು: ಖಾಲಿ ಜಾಗ 160 ಮಿ.ಲೀ. ಇದ್ದರೆ ಸುಮಾರು 52 ಮಿ.ಲೀ. ಹೀಲಿಯಂ ಬೆರೆತು ಅನಿಲ ತೆಳುವಾಗುವುದರಿಂದ, ಬಂದ ಅಂಕಿಯನ್ನು 1.48ರಿಂದ (950 ಭಾಗಿಸು 640) ಗುಣಿಸಿ. ಡಬ್ಬಿ ಮುಚ್ಚುವ ಸ್ಥಳದ ಗಾಳಿಯೊತ್ತಡವನ್ನು ಆಗಲೇ ಬ್ಯಾರೋಮೀಟರಿನಲ್ಲಿ ನೋಡಿ ಡಬ್ಬಿಯ ಮೇಲೆ ಬರೆಯಿರಿ. ಎತ್ತರದಿಂದ ಲೆಕ್ಕ ಹಾಕಿದರೆ ಹವಾಮಾನದ ಏರಿಳಿತ ತಪ್ಪಿಹೋಗುತ್ತದೆ. ಡಬ್ಬಿಯಲ್ಲಿ ಮೀಥೇನ್ ಹತ್ತು ಲಕ್ಷದಲ್ಲಿ 2 ಭಾಗದಷ್ಟೇ ಇದ್ದರೆ ಅದು ಬರೀ ಗಾಳಿ. ನಾನು ನಂಬುವುದು ಈಥೇನ್, ಪ್ರೊಪೇನನ್ನು.

ಅಂಕಿ ಬಂದಮೇಲೆ ಮೊದಲು ಈಥೇನ್–ಪ್ರೊಪೇನನ್ನು ಸುಣ್ಣದ ಪ್ರಮಾಣದ ಎದುರು ಗ್ರಾಫಿನಲ್ಲಿ ಗುರುತಿಸುತ್ತೇನೆ. ಎರಡೂ ಒಟ್ಟಿಗೆ ಏರಿದರೆ ಸುಣ್ಣದಕಲ್ಲಿನ ಹರಳುಗಳೊಳಗೆ ಸಿಕ್ಕಿದ್ದ ಹಳೆಯ ಅನಿಲವನ್ನು ಆಮ್ಲ ಬಿಡಿಸಿರಬಹುದು. ಮೀಥೇನನ್ನು ಈಥೇನ್, ಪ್ರೊಪೇನುಗಳ ಮೊತ್ತದಿಂದ ಭಾಗಿಸಿದಾಗ 50ಕ್ಕಿಂತ ಕಡಿಮೆ ಬಂದರೆ ಆಳದ ಶಾಖದ ಮೂಲ ಎನ್ನಬಹುದು, 1000 ದಾಟಿದರೆ ಸೂಕ್ಷ್ಮಜೀವಿಯದು; ನಡುವಿನದಕ್ಕೆ ಇಂಗಾಲದ ಐಸೊಟೋಪ್ (ತೂಕ ಬೇರೆಯಿರುವ ಇಂಗಾಲದ ಪರಮಾಣುಗಳು) ಅಳತೆ ಬೇಕು. ಭೂಸ್ತರಭಂಗದ ಗುಂಟ ಏರಿದ ಅಂಕಿಗಳಿಗೆ ನಕ್ಷೆಯಲ್ಲಿ ಬೇರೆ ಬಣ್ಣ ಕೊಡುತ್ತೇನೆ; ಅನಿಲ ಓರೆಯಾಗಿ ಬಂದಿರಬಹುದು, ಬಾವಿಯನ್ನು ಅದರ ನೆತ್ತಿಯ ಮೇಲೇ ಕೊರೆಯಲು ಹೇಳುವುದಿಲ್ಲ.