ಧ್ರುವ ಸಮುದ್ರದ ಮಂಜುಗಡ್ಡೆ ಮತ್ತು ಗಾಳಿಯ ನಡುವಿನ ಉಷ್ಣ, ಸಂವೇಗ ವಿನಿಮಯವನ್ನು ಲೆಕ್ಕ ಹಾಕುವ ಕ್ರಮ

ಆರ್ಕ್ಟಿಕ್ ಸಾಗರದ ಹವಾಮಾನವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಮಾದರಿ ಸಾಗರವನ್ನು ಚೌಕಗಳಾಗಿ ವಿಂಗಡಿಸುತ್ತದೆ. ಈ ಗ್ರಿಡ್‌ನ ಒಂದೇ ಚೌಕದೊಳಗೆ ದಪ್ಪ ಮಂಜುಗಡ್ಡೆಯೂ ಇರುತ್ತದೆ, ಅದರ ಬಿರುಕುಗಳಲ್ಲಿ ತೆರೆದ ನೀರೂ ಇರುತ್ತದೆ. ಎರಡರ ವಿನಿಮಯವನ್ನೂ ಪ್ರತ್ಯೇಕವಾಗಿ ಲೆಕ್ಕ ಹಾಕಿ, ಆಮೇಲಷ್ಟೇ ವಿಸ್ತೀರ್ಣಕ್ಕೆ ತಕ್ಕಂತೆ ಸರಾಸರಿ ತೆಗೆಯಬೇಕು.

ಸಂವೇಗದಿಂದ ಆರಂಭಿಸುವುದು ಸುಲಭ. ಗಾಳಿಯ ಸಾಂದ್ರತೆ, ಎಳೆತದ ಗುಣಾಂಕ (ಮೇಲ್ಮೈ ಗಾಳಿಯನ್ನು ಎಷ್ಟು ತಡೆಯುತ್ತದೆಂಬ ಅಂಕಿ) ಮತ್ತು ಗಾಳಿಯ ವೇಗದ ವರ್ಗ, ಈ ಮೂರರ ಗುಣಲಬ್ಧವೇ ಗಾಳಿಯ ಎಳೆತದಿಂದ ಮೇಲ್ಮೈಯ ಮೇಲೆ ಬೀಳುವ ಒತ್ತಡ, ಅಂದರೆ ಸಂವೇಗದ ವಿನಿಮಯ. ಗುಣಾಂಕವನ್ನು ಪಡೆಯಲು ಅಳತೆಯ ಎತ್ತರವನ್ನು ಮೇಲ್ಮೈಯ ಒರಟುತನದ ಉದ್ದದಿಂದ (ಮೇಲ್ಮೈ ಎಷ್ಟು ಒರಟೆಂಬುದನ್ನು ಉದ್ದದಲ್ಲಿ ಹೇಳುವ ಅಳತೆ) ಭಾಗಿಸಿ, ಬಂದುದರ ಸ್ವಾಭಾವಿಕ ಲಾಗರಿದಮ್ ತೆಗೆದು, 0.4 ಎಂಬ ಕಾರ್ಮನ್ ಸ್ಥಿರಾಂಕವನ್ನು ಅದರಿಂದ ಭಾಗಿಸಿ ವರ್ಗ ಮಾಡಬೇಕು. ಒರಟುತನ ಅರ್ಧ ಮಿಲಿಮೀಟರ್, ಎತ್ತರ 10 ಮೀಟರ್ ಎಂದಿಟ್ಟುಕೊಂಡರೆ ಗುಣಾಂಕ ಸುಮಾರು 0.0016 ಆಗುತ್ತದೆ. ಮೈನಸ್ 30 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿ ಸೆಕೆಂಡಿಗೆ 8 ಮೀಟರ್ ವೇಗದ ಗಾಳಿ ಬೀಸಿದಾಗ ಒತ್ತಡ ಚದರ ಮೀಟರಿಗೆ 0.15 ನ್ಯೂಟನ್‌ನಷ್ಟಿರುತ್ತದೆ.

ಉಷ್ಣದ ಸೂತ್ರವೂ ಇದೇ ಬಗೆಯದು, ಆದರೆ ವೇಗದ ವರ್ಗದ ಬದಲಿಗೆ ವೇಗವನ್ನೂ ಮೇಲ್ಮೈ ಮತ್ತು ಗಾಳಿಯ ತಾಪಮಾನದ ವ್ಯತ್ಯಾಸವನ್ನೂ ಗುಣಿಸಿ, ಗಾಳಿಯ ವಿಶಿಷ್ಟೋಷ್ಣವನ್ನು ಸೇರಿಸಬೇಕು. ನಿಜವಾದ ತೊಡಕಿರುವುದು ಗಾಳಿಯ ಸ್ಥಿರತೆಯಲ್ಲಿ, ಅಂದರೆ ಗಾಳಿ ಮೇಲೆ ಕೆಳಗೆ ಕಲಕದೆ ಎಷ್ಟರಮಟ್ಟಿಗೆ ಪದರಪದರವಾಗಿ ನಿಲ್ಲುತ್ತದೆ ಎಂಬುದರಲ್ಲಿ. ಉದಾಹರಣೆಗೆ, ಗಾಳಿ ಮೈನಸ್ 30, ಮಂಜುಗಡ್ಡೆಯ ಮೇಲ್ಮೈ ಮೈನಸ್ 31.5, ಬಿರುಕಿನ ನೀರು ಮೈನಸ್ 1.8 ಡಿಗ್ರಿ ಇದ್ದು, ನೀರು ಶೇ. 5ರಷ್ಟು ಜಾಗವನ್ನು ಆವರಿಸಿದೆ ಎನ್ನೋಣ. ಮೇಲ್ಮೈಯ ಸರಾಸರಿ ತಾಪಮಾನ ಸರಿಸುಮಾರು ಮೈನಸ್ 30 ಡಿಗ್ರಿಯೇ ಆಗುವುದರಿಂದ, ಮೊದಲೇ ಸರಾಸರಿ ತೆಗೆದವನ ಲೆಕ್ಕದಲ್ಲಿ ಉಷ್ಣದ ಹರಿವು ಸೊನ್ನೆ. ಸೆಕೆಂಡಿಗೆ 3 ಮೀಟರ್ ಗಾಳಿಯಲ್ಲಿ, ಗುಣಾಂಕ 0.0015 ಎಂದಿಟ್ಟರೂ, ಬಿರುಕಿನಿಂದ ಚದರ ಮೀಟರಿಗೆ ಸುಮಾರು 185 ವಾಟ್ ಮೇಲೇರುತ್ತದೆ. ಇತ್ತ ಮಂಜುಗಡ್ಡೆಯ ಮೇಲೆ ತಣ್ಣನೆಯ ಭಾರದ ಗಾಳಿ ಕೆಳಗೇ ಕೂತು ಕಲಕುವಿಕೆ ತಗ್ಗುವುದರಿಂದ ಗುಣಾಂಕ ಅರ್ಧಕ್ಕಿಳಿದು, 5 ವಾಟ್‌ನಷ್ಟು ಮಾತ್ರ ಕೆಳಗಿಳಿಯುತ್ತದೆ. ಇಡೀ ಚೌಕಕ್ಕೆ ಹಂಚಿದಾಗ 4ರಿಂದ 5 ವಾಟ್ ಮೇಲ್ಮುಖವಾಗಿಯೇ ಉಳಿಯುತ್ತದೆ. ಬಿರುಕಿನ ಮೇಲಿನ ಅಸ್ಥಿರತೆಯನ್ನೂ ಗಣಿಸಿದರೆ ಈ ಅಂಕಿ ಇನ್ನೂ ಏರುತ್ತದೆ.

ಹೀಗೆ ಸ್ಥಿರತೆಗೆ ತಕ್ಕಂತೆ ಗುಣಾಂಕವನ್ನು ತಿದ್ದುವುದಕ್ಕೆ, ನೆಲದ ಹತ್ತಿರದ ಗಾಳಿಯ ಕಲಕುವಿಕೆಯನ್ನು ವಿವರಿಸುವ 1954ರ ಮೋನಿನ್–ಒಬುಖೋವ್ ಸಿದ್ಧಾಂತವೇ ಇಂದಿಗೂ ಆಧಾರ. ಸ್ಥಿರತೆಯನ್ನು ತಿಳಿಯಲು ಹರಿವು ಬೇಕು, ಹರಿವನ್ನು ತಿಳಿಯಲು ಸ್ಥಿರತೆ ಬೇಕು. ಆದ್ದರಿಂದ ಸ್ಥಿರತೆಯ ತಿದ್ದುಪಡಿಯಿಲ್ಲದ ಗುಣಾಂಕದಿಂದ ಹೊರಟು, ಉತ್ತರ ನೆಲೆಗೊಳ್ಳುವವರೆಗೆ ಲೆಕ್ಕವನ್ನು ಮತ್ತೆ ಮತ್ತೆ ಮಾಡಬೇಕು. ಗಾಳಿ ನಿಂತಂತಾದಾಗ ವಿನಿಮಯ ಪೂರ್ತಿ ಕಡಿದುಹೋಗದಿರಲು ವೇಗಕ್ಕೆ ಒಂದು ಕನಿಷ್ಠ ಮಿತಿಯನ್ನೂ ಇಡುವುದು ವಾಡಿಕೆ. ಅದು ಭೌತವಿಜ್ಞಾನಕ್ಕಿಂತ ಅನುಕೂಲದ ಮಾತೆಂಬುದು ನೆನಪಿರಲಿ.

ಮಂಜುಗಡ್ಡೆ ಚೂರುಚೂರಾಗಿ ತೇಲುವ ಅಂಚಿನ ವಲಯದಲ್ಲಿ ಒರಟುತನದ ಉದ್ದವೊಂದೇ ಸಾಲದು. ಗಾಳಿ ಚೂರುಗಳ ನೆಟ್ಟಗೆ ನಿಂತ ಅಂಚುಗಳಿಗೆ ಬಡಿಯುವುದರಿಂದ ಹೆಚ್ಚುವರಿ ಎಳೆತ ಹುಟ್ಟುತ್ತದೆ. ಮಂಜುಗಡ್ಡೆ ಸರಿಸುಮಾರು ಅರ್ಧದಷ್ಟು ಜಾಗವನ್ನು ಆವರಿಸಿದಾಗ ಇದು ಗರಿಷ್ಠ ಮಟ್ಟಕ್ಕೇರುತ್ತದೆ. ಅಂಚಿನಿಂದ ದೂರದ ದಟ್ಟ ಮಂಜುಗಡ್ಡೆಯಲ್ಲಿ ಹಾಳೆಗಳು ಪರಸ್ಪರ ಒತ್ತಿ ಎದ್ದ ದಿಬ್ಬಗಳೂ ಇದೇ ಕೆಲಸ ಮಾಡುತ್ತವೆ.

ಕೊನೆಗೆ, ಆರ್ಕ್ಟಿಕ್‌ನ ಬೋಫರ್ಟ್ ಸಮುದ್ರದಲ್ಲಿ 1997–98ರಲ್ಲಿ ನಡೆದ ಶೀಬಾ ಅಥವಾ 2019–20ರ ಮೊಸಾಯಿಕ್ ಎಂಬ ಸಂಶೋಧನಾ ಯಾತ್ರೆಗಳಲ್ಲಿ ಮಂಜುಗಡ್ಡೆಯ ಮೇಲೆ ನಿಲ್ಲಿಸಿದ್ದ ಗೋಪುರಗಳ ಅಳತೆಗಳೊಂದಿಗೆ ಫಲಿತಾಂಶವನ್ನು ಹೋಲಿಸಬೇಕು. ಹಾಗೆ ಹೋಲಿಸುವಾಗ, ವರ್ಷದ ಸರಾಸರಿಯನ್ನು ಬದಿಗಿಟ್ಟು, ಚಳಿಗಾಲದ ತಿಳಿ ಆಕಾಶದ ರಾತ್ರಿಗಳನ್ನೇ ಬೇರೆ ತೆಗೆದು ನೋಡುವುದು ಮೇಲು, ಏಕೆಂದರೆ ಸ್ಥಿರತೆಯ ತಿದ್ದುಪಡಿ ಹೆಚ್ಚಾಗಿ ಎಡವುವುದು ಅಲ್ಲಿಯೇ.