ಲಾಭವಿದ್ದರೂ ಪಗಾರಕ್ಕೆ ದುಡ್ಡಿಲ್ಲದ ತಿಂಗಳು

1998ರಲ್ಲಿ ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶದಲ್ಲಿ ಒಂದು ಬಾಡಿಗೆ ಶೆಡ್ ಹಿಡಿದು, ಲೋಹ ಕಡೆಯುವ ಹಳೆಯ ಎರಡು ಲೇತ್ ಮತ್ತು ಒಂದು ಡ್ರಿಲ್ಲಿಂಗ್ ಯಂತ್ರದೊಂದಿಗೆ ನಾನು ಸ್ವಂತ ಉದ್ಯಮ ಆರಂಭಿಸಿದೆ. ಅದಕ್ಕೂ ಮೊದಲು ಏಳು ವರ್ಷ ವಾಲ್ವ್ ತಯಾರಿಸುವ ಕಾರ್ಖಾನೆಯಲ್ಲಿ ದುಡಿದಿದ್ದೆ. ವಾಲ್ವ್ ತಯಾರಿಕೆಗೆ ಹೆಸರಾದ ಈ ಊರಿನಲ್ಲಿ ಸ್ಪಿಂಡಲ್, ಬುಶ್, ಫ್ಲ್ಯಾಂಜ್‌ಗಳ ಜಾಬ್ ವರ್ಕಿಗೆ, ಅಂದರೆ ಬೇರೆ ಕಾರ್ಖಾನೆಗಳ ಬಿಡಿಭಾಗಗಳನ್ನು ಕೂಲಿಗೆ ಮಾಡಿಕೊಡುವ ಕೆಲಸಕ್ಕೆ, ಕೊರತೆಯಿರಲಿಲ್ಲ. ಕೆಲಸ ಗೊತ್ತಿತ್ತು, ಕೆಲಸ ಕೊಡುವವರೂ ಗೊತ್ತಿದ್ದರು. ಉದ್ಯಮಕ್ಕೆ ಅಷ್ಟು ಸಾಕೆಂದು ಹತ್ತು ವರ್ಷ ನಂಬಿಕೊಂಡಿದ್ದೆ.

2008ರ ಕೊನೆಯಲ್ಲಿ ಮಾರುಕಟ್ಟೆ ಕುಸಿದಾಗ ಆ ನಂಬಿಕೆ ಹೋಯಿತು. ನಮ್ಮ ಕೆಲಸದಲ್ಲಿ ಮೂರನೆಯ ಎರಡು ಪಾಲು ಒಂದೇ ಗಿರಾಕಿಯದಾಗಿತ್ತು. ತೊಂಬತ್ತು ದಿನಕ್ಕೆ ಹಣ ಕೊಡುತ್ತಿದ್ದ ಆ ಸಂಸ್ಥೆ ಮೊದಲು ನೂರ ಇಪ್ಪತ್ತಕ್ಕೆ, ಆಮೇಲೆ ನೂರ ಅರವತ್ತಕ್ಕೆ ಎಳೆಯಿತು. ಉಕ್ಕಿನ ಸರಳು ಕೊಡುವವರು ಮಾತ್ರ ನಗದು ಕೇಳತೊಡಗಿದರು. ಫೆಬ್ರುವರಿಯಲ್ಲಿ ಹುಡುಗರಿಗೆ ಪಗಾರ ಕೊಡಲೆಂದು, ಆ ಪಗಾರವನ್ನು ದುಡಿದುಕೊಡಬೇಕಾದ ಲೇತನ್ನೇ ಮಾರಿದೆ. ಆ ವರ್ಷದ ಲೆಕ್ಕಪತ್ರದಲ್ಲಿ ಲಾಭವೇ ಇತ್ತು, ಅದರ ಮೇಲೆ ತೆರಿಗೆಯನ್ನೂ ಕಟ್ಟಿದ್ದೆ. ನಮ್ಮ ಓಣಿಯಲ್ಲಿದ್ದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಒಂದು ಸಂಜೆ ನನ್ನ ಬಿಲ್ ಪುಸ್ತಕವನ್ನು ತಿರುವಿ ಹಾಕಿ, "ತಮ್ಮಾ, ನಿನ್ನ ಲೆಕ್ಕದಾಗ ಲಾಭ ಐತಿ, ಖಾತೇದಾಗ ರೊಕ್ಕ ಇಲ್ಲ. ನೀ ಕಾರ್ಖಾನಿ ನಡಸಾಕತ್ತಿಲ್ಲ, ಆ ಕಂಪನಿಗೆ ಬಡ್ಡಿ ಇಲ್ಲದ ಸಾಲ ಕೊಡಾಕತ್ತೀ" ಎಂದರು. ಮುಂದಿನ ಐದು ತಿಂಗಳು ಪ್ರತಿ ಶನಿವಾರ ಅವರು ಬಂದು ಕುಳಿತರು. ಶೆಡ್ ಉಳಿಯಿತು. ನಾನು ಇಂದು ಮಾಡುವ ಕೆಲಸ ಬಹುಮಟ್ಟಿಗೆ ಅವರು ಅಂದು ಮಾಡಿದ್ದೇ ಆಗಿದೆ.

2013ರಲ್ಲಿ ಕಾರ್ಖಾನೆಯ ಹೊಣೆಯನ್ನು ಅಳಿಯನಿಗೆ ಬಿಟ್ಟು, ಹುಬ್ಬಳ್ಳಿ, ತಾರಿಹಾಳ, ಬೆಳಗಾವಿಯ ಉದ್ಯಮಬಾಗದ ಸಣ್ಣ ಘಟಕಗಳಿಗೆ ಸಲಹೆ ಕೊಡಲು ಆರಂಭಿಸಿದೆ. ಸಾಲ ಪಡೆಯಲು ಪ್ರಾಜೆಕ್ಟ್ ರಿಪೋರ್ಟ್ ಬರೆದುಕೊಡಿ ಎಂದು ಬರುವವರನ್ನು ಬೇರೆಯವರ ಕಡೆಗೆ ಕಳುಹಿಸುತ್ತೇನೆ. ಅಂಥ ರಿಪೋರ್ಟುಗಳಲ್ಲಿ ಮೂರನೆಯ ವರ್ಷದ ಲಾಭ ಯಾವಾಗಲೂ ಸೊಗಸಾಗಿಯೇ ಇರುತ್ತದೆ. ಮೊದಲ ಭೇಟಿಗೆ ಹಣ ತೆಗೆದುಕೊಳ್ಳುವುದಿಲ್ಲ. ಅಂದು ಕೇಳುವುದು ಒಂದೇ, ಬರಬೇಕಾದ ಬಾಕಿಯ ಪಟ್ಟಿ: ಮೂವತ್ತು ದಿನದೊಳಗಿನದು, ಅರವತ್ತರೊಳಗಿನದು, ತೊಂಬತ್ತು ದಾಟಿದ್ದು. ಇಂಥ ಪಟ್ಟಿ ಸಿದ್ಧವಾಗಿರುವ ಘಟಕವನ್ನು ನಾನು ನೋಡಿದ್ದು ತೀರಾ ಅಪರೂಪ. ಪಟ್ಟಿ ಮಾಡುವಾಗಲೇ ಮಾಲೀಕರ ಮುಖದ ಬಣ್ಣ ಬದಲಾಗುತ್ತದೆ, ಏಕೆಂದರೆ ತಿಂಗಳಿಗೆ ಐದು ಲಕ್ಷದ ಕೆಲಸ ಮಾಡಿ ನಾಲ್ಕು ತಿಂಗಳು ಕಾಯುವವನ ಇಪ್ಪತ್ತು ಲಕ್ಷ ರೂಪಾಯಿ ಸದಾ ಬೇರೆಯವರ ಬಳಿಯೇ ಇರುತ್ತದೆ.

ಎರಡನೆಯ ಭೇಟಿಯಲ್ಲಿ ಯಂತ್ರದ ಗಂಟೆಯ ದರವನ್ನು ಹಾಕುತ್ತೇವೆ. ಕಳೆದ ವರ್ಷ ಒಬ್ಬ ಯುವಕ ಹದಿನೆಂಟು ಲಕ್ಷದ, ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರ ಹಾಕಿಕೊಂಡು ಗಂಟೆಗೆ 300 ರೂಪಾಯಿಯಂತೆ ಕೆಲಸ ಮಾಡುತ್ತಿದ್ದ. ಆ 300 ಹೇಗೆ ಬಂತೆಂದು ಕೇಳಿದರೆ, "ಬಾಜೂದಾವ್ರು ಮುನ್ನೂರಕ್ಕ ಮಾಡ್ತಾರ್ರೀ ಸರ, ನಾ ಹೆಚ್ಚ ಹೇಳಿದ್ರ ಕೆಲಸಾನ ಬರಂಗಿಲ್ಲ" ಎಂದ. ಯಂತ್ರದ ಸವಕಳಿ, ಬಡ್ಡಿ, ಎರಡು ಪಾಳಿಯ ಆಪರೇಟರುಗಳ ಪಗಾರ, ಬಾಡಿಗೆಯ ಪಾಲು, ಮೇಲ್ವಿಚಾರಣೆ ಎಲ್ಲ ಸೇರಿ ತಿಂಗಳಿಗೆ 96,000 ಆಯಿತು. ಅವನ ಪ್ರಕಾರ ಯಂತ್ರ ತಿಂಗಳಿಗೆ 400 ಗಂಟೆ ಓಡುತ್ತಿತ್ತು. ಯಂತ್ರವನ್ನು ಹೊಸ ಕೆಲಸಕ್ಕೆ ಸಜ್ಜುಗೊಳಿಸುವ ಸೆಟ್ಟಿಂಗ್ ಹೊತ್ತು, ಎರಕದ ಭಾಗ (ಕ್ಯಾಸ್ಟಿಂಗ್) ಬಾರದೆ ಕಾದ ದಿನ, ಕರೆಂಟ್ ಹೋದ ಹೊತ್ತು ಕಳೆದಾಗ ನಿಜವಾಗಿ ಲೋಹ ಕತ್ತರಿಸಿ ಚಿಪ್ಸ್ ಬಿದ್ದದ್ದು 260 ಗಂಟೆ. ಅಲ್ಲಿಗೆ ಗಂಟೆಗೆ 369, ಅದರ ಮೇಲೆ ವಿದ್ಯುತ್ತು ಮತ್ತು ಲೋಹ ಕತ್ತರಿಸುವ ಮೊನೆಗಳಾದ ಇನ್ಸರ್ಟ್‌ಗಳಿಗೆ 78, ಒಟ್ಟು 447 ರೂಪಾಯಿ. ಪೂರ್ತಿ 400 ಗಂಟೆ ಓಡಿಸಿದರೂ 318ಕ್ಕಿಂತ ಕಡಿಮೆಯಾಗದು. ಅಂದರೆ ಯಂತ್ರವನ್ನು ಪೂರ್ತಿ ಓಡಿಸಿದರೂ ಆ ದರದಲ್ಲಿ ಅವನಿಗೆ ನಷ್ಟವೇ.

ಹಣ ವಸೂಲಿಗೆ ಕಾನೂನಿನ ಬಲ ಇಲ್ಲದಿಲ್ಲ. ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳಿಗಾಗಿ ಮಾಡಿದ 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸಣ್ಣ ಘಟಕಕ್ಕೆ 45 ದಿನದೊಳಗೆ ಹಣ ಸಲ್ಲಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ ಸೇರುವಂತೆ, ಬಡ್ಡಿ ಕೊಡಬೇಕು. ದೂರು ಕೊಡಲು ಕೌನ್ಸಿಲ್ ಕೂಡ ಇದೆ. ಆದರೆ ನಾಳೆಯ ಆರ್ಡರು ಅದೇ ಗಿರಾಕಿಯಿಂದ ಬರಬೇಕಾದವನು ದೂರು ಕೊಡುವುದಿಲ್ಲ, ನಾನೂ ಕೊಡಲಿಲ್ಲ. ಹೀಗಾಗಿ, ಅವಧಿಯೊಳಗೆ ಪಾವತಿಸದ ಮೊತ್ತವನ್ನು ಖರೀದಿದಾರರು ಆ ವರ್ಷದ ಖರ್ಚಿಗೆ ಹಾಕಿಕೊಳ್ಳುವಂತಿಲ್ಲ ಎಂಬ ಆದಾಯ ತೆರಿಗೆಯ ನಿಯಮ 2024ರ ಏಪ್ರಿಲ್‌ನಿಂದ ಜಾರಿಗೆ ಬಂದಾಗ ನನಗೆ ಹೆಚ್ಚು ಭರವಸೆ ಮೂಡಿತು, ಏಕೆಂದರೆ ಅಲ್ಲಿ ಸಣ್ಣವನು ಜಗಳಕ್ಕೆ ನಿಲ್ಲಬೇಕಾಗಿಲ್ಲ. ಸಣ್ಣ ಘಟಕವೆಂದು ಗುರುತಿಸುವ ಸರ್ಕಾರದ ಉದ್ಯಮ್ ನೋಂದಣಿ ಸಂಖ್ಯೆಯನ್ನು ಪ್ರತಿ ಬಿಲ್ಲಿನ ಮೇಲೆ ಅಚ್ಚು ಹಾಕಿಸಿ ಎಂದು ಎಲ್ಲರಿಗೂ ಹೇಳುತ್ತೇನೆ. ಅಂಥ ಬಿಲ್ಲು ಬಂದಾಗ ದೊಡ್ಡ ಕಂಪನಿಯ ಲೆಕ್ಕ ವಿಭಾಗದವರೇ ಫೋನ್ ಮಾಡಿ ವಿಚಾರಿಸಿದ್ದನ್ನು ನೋಡಿದ್ದೇನೆ.

ಭಾನುವಾರ ನಾನು ಈ ಕೆಲಸ ಮುಟ್ಟುವುದಿಲ್ಲ. ನನಗೆ ಹಿಂದೂಸ್ತಾನಿ ಸಂಗೀತದ ಹುಚ್ಚಿದೆ. ಹಾಡಲು ಬಾರದು, ಕೇಳುವುದಷ್ಟೇ. ಸವಾಯಿ ಗಂಧರ್ವರಲ್ಲಿ ಕಲಿಯಲು ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿಬರುತ್ತಿದ್ದ ದಾರಿಯಲ್ಲಿ ನಾನೂ ಆಗಾಗ ಸುಮ್ಮನೆ ಪ್ಯಾಸೆಂಜರ್ ಹತ್ತುತ್ತೇನೆ. ಕಿಟಕಿಯಾಚೆ ಎರೆಹೊಲ, ಕಿವಿಯಲ್ಲಿ ಮುಗಿಯುವ ಆತುರವೇ ಇಲ್ಲದ ವಿಲಂಬಿತ ಖಯಾಲ್. ವಾರವಿಡೀ ದಿನ ಎಣಿಸುವವನಿಗೆ ಅದೊಂದು ದೊಡ್ಡ ಬಿಡುವು.

ಸಿಎನ್‌ಸಿ ಯಂತ್ರದ ಆ ಯುವಕ ತನ್ನ ಮೂವರು ಗಿರಾಕಿಗಳಿಗೂ 460ರ ದರ ಕಳುಹಿಸಿದ. ಒಬ್ಬರು ಕೆಲಸ ಹಿಂದಕ್ಕೆ ತೆಗೆದುಕೊಂಡರು, ಒಬ್ಬರು 420ಕ್ಕೆ ಇಳಿಸಿದರು, ಮೂರನೆಯವರು 45 ದಿನದ ಷರತ್ತನ್ನೂ ಸೇರಿಸಿ ಒಪ್ಪಿದರು. ಈಗ ಯಂತ್ರ ವಾರದಲ್ಲಿ ಎರಡು ದಿನ ಸುಮ್ಮನೆ ನಿಲ್ಲುತ್ತಿದೆ, ಅವನಿಗೆ ರಾತ್ರಿ ನಿದ್ದೆಯಿಲ್ಲ. ಓಡುವ ಗಂಟೆ ಕಡಿಮೆಯಾದ್ದರಿಂದ ನಾವು ಹಾಕಿದ್ದ 447ರ ಲೆಕ್ಕವೂ ಈಗ ಹಳತಾಗಿದೆ. ಬರುವ ಗುರುವಾರ ಮತ್ತೆ ಅವನ ಶೆಡ್ಡಿನಲ್ಲಿ ಕುಳಿತು ಅದನ್ನು ಹೊಸದಾಗಿ ಹಾಕಬೇಕಿದೆ.