ಬಿಳಿ ಕಾರಿನ ಮೇಲೆ ಕಿತ್ತಳೆ ಚುಕ್ಕಿ: ತುಕ್ಕು ಹೌದು, ಕಾರಿನದಲ್ಲ

ಪಕ್ಕದ ಸೈಟಿನಲ್ಲಿ ಮನೆ ಏಳುತ್ತಿದೆ ಅಂದರೆ ಧೂಳು, ಸಿಮೆಂಟು, ಸದ್ದು ಎಲ್ಲಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡಿರುತ್ತೇವೆ. ಕಾರಿಗೆ ತುಕ್ಕಿನ ಕಲೆ ಬರುತ್ತದೆ ಅಂತ ಯಾರು ಎಣಿಸುತ್ತಾರೆ? ಅಲ್ಲಿ ಕಿಟಕಿ ಗ್ರಿಲ್ಲು, ಗೇಟಿನ ಕೆಲಸ ಮುಗಿದು ಒಂದೆರಡು ಮಳೆ ಬಿದ್ದ ಮೇಲೆ ನಮ್ಮ ಬಿಳಿ ಕಾರಿನ ತುಂಬ ಸಾಸಿವೆಗಿಂತ ಸಣ್ಣ ಕಿತ್ತಳೆ ಚುಕ್ಕಿಗಳು. ವಾಟರ್ ವಾಶ್ ಮಾಡಿಸಿದರೂ ಹೋಗಲಿಲ್ಲ. ಟಿಂಕರಿಂಗ್ ಅಂಗಡಿಯವರು ಸುತ್ತ ಒಂದು ಸಲ ನೋಡಿ, "ಪೇಂಟ್ ಹೋಗಿದೆ ಸಾರ್. ಬಾನೆಟ್ಟು, ಟಾಪು, ಈ ಕಡೆಯ ಎರಡು ಡೋರು ಹೊಡೀಲೇಬೇಕು" ಅಂದರು. ಕಂಪನಿಯಿಂದ ಬಂದ ಪೇಂಟನ್ನು ಕೆರೆಸಿ ಬೇರೆ ಹೊಡೆಸಲು ನನಗೆ ಸುತರಾಂ ಮನಸ್ಸಿರಲಿಲ್ಲ. ನೋಡೋಣ ಅಂತ ಹೇಳಿ ಮನೆಗೆ ತಂದೆ.

ನನ್ನ ಅನುಮಾನ ಬಗೆಹರಿಸಿದ್ದು ಬಂಪರ್. ಅದು ಪ್ಲಾಸ್ಟಿಕ್. ಅಯಸ್ಕಾಂತ ಅದಕ್ಕೆ ಅಂಟುವುದಿಲ್ಲ, ಅದಕ್ಕೆ ತುಕ್ಕು ಹಿಡಿಯುವ ಮಾತೇ ಇಲ್ಲ. ಆದರೂ ಅದರ ಮೇಲೂ ಅವೇ ಚುಕ್ಕಿ, ಕನ್ನಡಿಯ ಪ್ಲಾಸ್ಟಿಕ್ ಚಿಪ್ಪಿನ ಮೇಲೂ ಅವೇ. ಅಂದಮೇಲೆ ತುಕ್ಕು ಹೊರಗಿನಿಂದ ಬಂದು ಕೂತದ್ದು. ಆ ಸೈಟಿನ ಕಡೆಗಿದ್ದ ಮಗ್ಗುಲಲ್ಲಿ ಚುಕ್ಕಿಗಳು ಒತ್ತೊತ್ತಾಗಿದ್ದವು, ಆಚೆ ಮಗ್ಗುಲಲ್ಲಿ ಅಲ್ಲೊಂದು ಇಲ್ಲೊಂದು. ಮೊಬೈಲ್ ಕ್ಯಾಮೆರಾದಲ್ಲಿ ಹತ್ತಿರದಿಂದ ಫೋಟೋ ತೆಗೆದು ಹಿಗ್ಗಿಸಿದಾಗ ನಡುವೆ ಕರಿಯ ಕಣ, ಸುತ್ತ ಕಿತ್ತಳೆ ಬಳೆ, ಡೋರಿನ ಮೇಲಾದರೆ ಅದರಿಂದ ಕೆಳಕ್ಕೆ ಇಳಿದ ಸಣ್ಣ ಗೆರೆ. ಕೈಗೆ ತೆಳ್ಳಗಿನ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ತೊಳೆದ ಬಾನೆಟ್ ಸವರಿದರೆ ತರಿತರಿ. ಬರಿಗೈಗೆ ಇದು ಅಷ್ಟು ತಿಳಿಯುವುದಿಲ್ಲ.

ಒಳಗಿನಿಂದ ಬರುವ ತುಕ್ಕಿನ ಲಕ್ಷಣವೇ ಬೇರೆ. ಪೇಂಟು ಗುಳ್ಳೆ ಎದ್ದಿರುತ್ತದೆ, ಇಲ್ಲವೇ ಕಲ್ಲು ಬಡಿದು ಸಿಪ್ಪೆ ಹಾರಿದ ಗುಳಿಯಿರುತ್ತದೆ. ಬಾನೆಟ್ಟಿನ ಮುಂದಿನ ಅಂಚು, ಡೋರಿನ ತಳ, ಚಕ್ರದ ಮೇಲಿನ ಕಮಾನು ಅದರ ಜಾಗಗಳು. ಅಂಥದ್ದೂ ಒಂದು ನನ್ನ ಬಾನೆಟ್ಟಿನ ಅಂಚಿನಲ್ಲಿ ಸಿಕ್ಕಿತು. ಅದನ್ನು ಆಮೇಲೆ ಹೇಳುತ್ತೇನೆ.

ಆಗುವುದಿಷ್ಟು. ಗ್ರಿಲ್ಲು, ಗೇಟಿನ ಕಬ್ಬಿಣ ಕತ್ತರಿಸಿ ಉಜ್ಜುವ ಗ್ರೈಂಡರಿನಿಂದ ಹಾರುವ ಕಿಡಿ ಅಂದರೆ ಉರಿಯುವ ಕಬ್ಬಿಣದ ಪುಡಿ. ಅದು ಪೇಂಟಿನ ಮೇಲಿನ ಕ್ಲಿಯರ್ ಕೋಟಿಗೆ, ಅಂದರೆ ಬಣ್ಣವಿಲ್ಲದ ಪಾರದರ್ಶಕ ಪದರಕ್ಕೆ ಬಿದ್ದು, ಅದನ್ನು ಸ್ವಲ್ಪ ಕರಗಿಸಿ ಕಚ್ಚಿಕೊಳ್ಳುತ್ತದೆ. ಆ ಪದರದ ದಪ್ಪ ಸಾಮಾನ್ಯವಾಗಿ 40-50 ಮೈಕ್ರಾನ್, ತಲೆಗೂದಲಿಗಿಂತ ತೆಳು. ನೀರು ತಾಗಿದಾಗ ಕಣ ತುಕ್ಕು ಹಿಡಿದು ಉಬ್ಬುತ್ತದೆ, ಕಲೆ ಹರಡುತ್ತದೆ, ಬಿಟ್ಟಷ್ಟೂ ಕೆಳಗಿಳಿಯುತ್ತದೆ. ರೈಲು ಹಳಿಯ ಪಕ್ಕ ಕಾರು ನಿಲ್ಲಿಸುವವರಿಗೂ ಇದೇ ಕಾಟ, ಅಲ್ಲಿ ಪುಡಿ ಬರುವುದು ಚಕ್ರ, ಹಳಿ, ಬ್ರೇಕಿನಿಂದ. ಅದಕ್ಕೇ ಈ ಕಸುಬಿನವರು ಇದನ್ನು ರೈಲ್ ಡಸ್ಟ್ ಅನ್ನುತ್ತಾರೆ. ನಮ್ಮದೇ ಕಾರಿನ ಬ್ರೇಕಿನ ಪುಡಿಯೂ ಚಕ್ರದ ಹಿಂದಿನ ಭಾಗದಲ್ಲಿ ಹೀಗೇ ಕೂರುತ್ತದೆ.

ಸಲಹೆಗಳಿಗೇನು ಕೊರತೆ! ಒಬ್ಬರು ಟಾಯ್ಲೆಟ್ ತೊಳೆಯುವ ಆ್ಯಸಿಡ್ ಅಂದರು, ಇನ್ನೊಬ್ಬರು ಪಾತ್ರೆ ಉಜ್ಜುವ ಸ್ಟೀಲ್ ಸ್ಕ್ರಬ್ಬರ್ ಅಂದರು. ಎರಡೂ ಬೇಡ. ಉಗುರಿನಿಂದ ಕೀಳುವುದೂ ಬೇಡ, ಕಣ ಉರುಳಿದ ದಾರಿಯುದ್ದಕ್ಕೂ ಗೀರಾಗುತ್ತದೆ.

ನಾನು ತಂದದ್ದು ಕಬ್ಬಿಣದ ಕಣ ಕರಗಿಸುವ ಐರನ್ ರಿಮೂವರ್ ಒಂದು ಬಾಟಲಿ, ಪೇಂಟಿಗೆ ಅಂಟಿದ ಕಣ ಎಳೆದು ತೆಗೆಯುವ ಜೇಡಿಯಂಥ ಮೆತ್ತನೆಯ ಕ್ಲೇ ಬಾರ್ ಒಂದು. ಬೆಳಿಗ್ಗೆ ಬಿಸಿಲೇರುವ ಮೊದಲು, ಬಾನೆಟ್ ತಣ್ಣಗಿರುವಾಗ, ಶಾಂಪೂ ಹಾಕಿ ತೊಳೆದ ಕಾರಿಗೆ ಒಂದೊಂದೇ ಭಾಗ ಸ್ಪ್ರೇ ಮಾಡಿದೆ. ಎರಡು ಮೂರು ನಿಮಿಷಕ್ಕೆ ಪ್ರತಿ ಚುಕ್ಕಿಯಿಂದಲೂ ನೇರಳೆ ಬಣ್ಣ ಒಸರತೊಡಗಿತು. ಬಿಳಿ ಕಾರಾದ್ದರಿಂದ ನೋಡಲು ಭಯಂಕರ, ಮಗಳು ಓಡಿಬಂದು "ಅಪ್ಪ, ಇದೇನು ಮಾಡಿದೆ!" ಅಂದಳು. ಅದರಲ್ಲಿರುವ ಥಯೋಗ್ಲೈಕೊಲೇಟ್ ಕಬ್ಬಿಣದ ಜೊತೆ ಸೇರಿದರೆ ಬರುವ ಬಣ್ಣ ಅದು. ಕೂದಲು ತೆಗೆಯುವ ಕ್ರೀಮಿನಲ್ಲಿರುವುದೂ ಅದೇ ರಾಸಾಯನಿಕ, ಹಾಗಾಗಿ ಕೊಳೆತ ಮೊಟ್ಟೆಯಂಥ ಆ ವಾಸನೆ ಕೆಲವರಿಗೆ ಪರಿಚಿತ. ಗ್ಲೌಸ್ ಹಾಕಿಕೊಳ್ಳಿ, ಬಯಲಲ್ಲಿ ಮಾಡಿ. ಮುಖ್ಯವಾಗಿ, ದ್ರವ ಒಣಗಲು ಬಿಡಬಾರದು. ಬಾಟಲಿಯ ಮೇಲೆ ಬರೆದ ಹೊತ್ತು ಮೀರುವ ಮೊದಲೇ ಧಾರಾಳವಾಗಿ ನೀರು ಹೊಯ್ದು ತೊಳೆಯಬೇಕು. ಬಹುಪಾಲು ಚುಕ್ಕಿ ಒಂದೇ ಸಲಕ್ಕೆ ಹೋದವು, ಹಟಮಾರಿಗಳಿಗೆ ಇನ್ನೊಂದು ಸಲ ಬೇಕಾಯಿತು.

ಆಮೇಲೆ ಕ್ಲೇ. ಕಾಲು ಭಾಗ ಮುರಿದು, ನಾದಿ, ಬಿಲ್ಲೆ ಮಾಡಿಕೊಂಡು, ಶಾಂಪೂ ನೀರು ಧಾರಾಳವಾಗಿ ಚಿಮುಕಿಸಿ ನೇರ ಗೆರೆಯಲ್ಲಿ ಸರಿಸುತ್ತ ಹೋದೆ. ಒತ್ತಬಾರದು, ಬೆರಳಿನ ಭಾರವೇ ಸಾಕು. ಮೊದಲು ಬಿಲ್ಲೆಯಡಿ ಸರಸರ ಸದ್ದು ಕೇಳುತ್ತದೆ, ಅದು ನಿಂತು ಬಿಲ್ಲೆ ಜಾರತೊಡಗಿದರೆ ಆ ಜಾಗ ಮುಗಿದಂತೆ. ತಿರುವಿ ನೋಡಿದರೆ ಕಂದು ಕಣಗಳು ಅಂಟಿರುತ್ತವೆ, ಮಡಚಿ ಹೊಸ ಮುಖ ತರಬೇಕು. ನೆಲಕ್ಕೆ ಬಿದ್ದ ತುಂಡನ್ನು ಎಸೆದುಬಿಡಿ, ಒಂದು ಮರಳಿನ ಕಾಳು ಸಾಕು ಬಾನೆಟ್ ಕೆಡಿಸಲು. ಕ್ಲೇ ಹಳೆಯ ವ್ಯಾಕ್ಸನ್ನೂ ಎಳೆದುಬಿಡುವುದರಿಂದ ಕೊನೆಗೆ ಕೈಯಲ್ಲೇ ಸಣ್ಣಗೆ ಪಾಲಿಶ್ ಮಾಡಿ ವ್ಯಾಕ್ಸ್ ಹಚ್ಚಿದೆ. ಟಾಪಿನ ಮೇಲೆ ಒಂದೆರಡು ತಿಳಿ ಹಳದಿ ಕಲೆ ಉಳಿದಿವೆ. ಅವುಗಳ ಹಿಂದೆ ಬಿದ್ದು ಕಾಂಪೌಂಡ್ (ಮೇಲ್ಮೈ ಸವೆಸಿ ಹೊಳಪು ತರುವ ಪೇಸ್ಟು) ತಿಕ್ಕಿದರೆ ಕ್ಲಿಯರ್ ಕೋಟ್ ಸವೆಯುವುದೇ ಲಾಭ. ಇರಲಿ ಬಿಡಿ.

ಇನ್ನು ಆ ಕಲ್ಲೇಟಿನ ಗುಳಿ. ಇದು ನಿಜವಾದ ತುಕ್ಕು, ರಿಮೂವರ್, ಕ್ಲೇ ಯಾವುದೂ ಇದಕ್ಕೆ ಮದ್ದಲ್ಲ. ಪೆನ್ಸಿಲಿನ ತುದಿಗೆ ಎಮರಿ ಪೇಪರಿನ ಚೂರು ಅಂಟಿಸಿಕೊಂಡು ಗುಳಿಯೊಳಗೆ ಮಾತ್ರ ತಿರುಗಿಸುತ್ತ, ಕಂದು ಹೋಗಿ ಲೋಹ ಹೊಳೆಯುವವರೆಗೆ ಉಜ್ಜಿದೆ. ಸುತ್ತಲಿನ ಒಳ್ಳೆಯ ಪೇಂಟಿಗೆ ಮಾಸ್ಕಿಂಗ್ ಟೇಪ್. ಸಂದಿಯಲ್ಲಿ ಉಳಿದ ತುಕ್ಕಿಗೆ ಹಲ್ಲುಕಡ್ಡಿಯಲ್ಲಿ ಒಂದು ಹನಿ ರಸ್ಟ್ ಕನ್ವರ್ಟರ್ (ತುಕ್ಕನ್ನು ಗಟ್ಟಿ ಪದರವಾಗಿ ಬದಲಿಸುವ ದ್ರವ) ಇಟ್ಟೆ, ಒಣಗುತ್ತ ಕಪ್ಪಾಯಿತು. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಪ್ರೈಮರ್, ಅದು ಒಣಗಿದ ಮೇಲೆ ಟಚ್ ಅಪ್ ಪೇಂಟ್. ಪೇಂಟಿನ ಕೋಡ್ ಕಾರಿನ ಮೇಲೆಯೇ ಇರುತ್ತದೆ, ಡೋರ್ ತೆಗೆದರೆ ಕಾಣುವ ಕಂಬದ ಮೇಲೋ ಬಾನೆಟ್ ಒಳಗೋ ಸ್ಟಿಕ್ಕರ್ ಹುಡುಕಿ. "ಬಿಳಿ ಕೊಡಿ" ಅಂತ ಕೇಳಿದರೆ ಯಾವುದೋ ಬಿಳಿ ಕೊಡುತ್ತಾರೆ. ಬಾಟಲಿಯ ಜೊತೆ ಬರುವ ಬ್ರಶ್ ಈ ಕೆಲಸಕ್ಕೆ ತುಂಬ ದಪ್ಪ, ಹಲ್ಲುಕಡ್ಡಿಯೇ ಸೈ. ಒಮ್ಮೆಲೇ ತುಂಬಿಸದೆ ತೆಳ್ಳಗೆ ಒಂದೊಂದೇ ಪದರ ಕೊಡುತ್ತ ಗುಳಿ ತುಂಬಿ ಒಂದಿಷ್ಟು ಮೇಲೆದ್ದ ಮೇಲೆ ನಿಲ್ಲಿಸಿ, ವಾರಗಟ್ಟಲೆ ಹಾಗೇ ಬಿಟ್ಟೆ. ಚೆನ್ನಾಗಿ ಗಟ್ಟಿಯಾದ ನಂತರ 2000 ನಂಬರಿನ ಎಮರಿಯನ್ನು ನೀರಿನಲ್ಲಿ ನೆನೆಸಿ ಉಬ್ಬನ್ನು ಮಟ್ಟ ಮಾಡಿ, ಕಾಂಪೌಂಡಿನಲ್ಲಿ ಹೊಳಪು ತಂದೆ. ಸಾದಾ ಬಿಳಿಯಾದ್ದರಿಂದ ಇಷ್ಟು ಸಲೀಸಾಯಿತು. ಸಿಲ್ವರಿನಂಥ ಮೆಟಾಲಿಕ್ ಬಣ್ಣವಾದರೆ ಬಾಟಲಿಯನ್ನು ಚೆನ್ನಾಗಿ ಕುಲುಕಬೇಕು, ಬಣ್ಣದ ಮೇಲೆ ಕ್ಲಿಯರ್ ಕೋಟ್ ಕೊಡಲೇಬೇಕು, ಅಷ್ಟು ಮಾಡಿದರೂ ಬಿಸಿಲಲ್ಲಿ ಓರೆಯಾಗಿ ನೋಡಿದರೆ ತೇಪೆ ಕಾಣುತ್ತದೆ.